ಆರು ಮನೆ, ಎರಡು ಊರು: ಪದಬಂಧದ ಓದುಗರಿಗೆ ಉತ್ತರ

ಪದಬಂಧದ ಸುಳಿವುಗಳ ಬಗ್ಗೆ ಈ ತಿಂಗಳು ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಉಳಿದವರಿಗೆ ಕಾರ್ಡು ಬರೆಯುತ್ತೇನೆ.

ಪ್ರಶ್ನೆ: 'ಎರಡು ನದಿಗಳು ಕೂಡುವ ಪುಣ್ಯಕ್ಷೇತ್ರ (6)' ಎಂಬ ಸುಳಿವಿಗೆ ನಾನು 'ತಿರುಮಕೂಡಲು' ಎಂದು ತುಂಬಿದೆ. ನೀವು 'ಕೂಡಲಸಂಗಮ' ಎಂದು ಕೊಟ್ಟಿದ್ದೀರಿ. ನಮ್ಮೂರಲ್ಲೂ ಎರಡು ನದಿ ಸೇರುತ್ತವೆ, ನಮ್ಮೂರಿಗೂ ಆರೇ ಅಕ್ಷರ. ನನ್ನದು ತಪ್ಪು ಹೇಗಾಯಿತು?
(ತಿ. ನರಸೀಪುರದ ಓದುಗರು)

ನಿಮ್ಮ ಪತ್ರ ಓದಿ ಬೆರಳು ಮಡಚಿ ಎಣಿಸಿದೆ. ತಿ-ರು-ಮ-ಕೂ-ಡ-ಲು. ಹೌದು, ಆರು. ಕೂ-ಡ-ಲ-ಸಂ-ಗ-ಮ. ಅದೂ ಆರು. ಸುಳಿವನ್ನಷ್ಟೇ ನೋಡಿದರೆ ನಿಮ್ಮ ಉತ್ತರದಲ್ಲಿ ಒಂದು ಚೂರೂ ತಪ್ಪಿಲ್ಲ. ಕಾವೇರಿಗೆ ಕಬಿನಿ ಬಂದು ಸೇರುವುದು ನಿಮ್ಮೂರಲ್ಲೇ. ನೀವೆಲ್ಲ ಕಬಿನಿಯನ್ನು ಕಪಿಲೆ ಅನ್ನುತ್ತೀರಿ, ಅಲ್ವಾ? ಗುಂಜಾ ನರಸಿಂಹನ ಗುಡಿಯೂ ಅಲ್ಲೇ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅಲ್ಲಿಯ ಹಿರಿಯರು ನನಗೆ ಹೇಳಿದ್ದು ಇನ್ನೂ ನೆನಪಿದೆ.

ಆದರೆ ಪದಬಂಧದಲ್ಲಿ ಅಡ್ಡ ಸಾಲಿನ ಜೊತೆ ಉದ್ದ ಸಾಲೂ ಹೊಂದಬೇಕು. ಆ ಸಾಲಿನ ಮೂರನೇ ಮನೆಗೆ ಮೇಲಿನಿಂದ ಒಂದು ಪದ ಇಳಿದು ಬರುತ್ತದೆ. ಅದರ ಸುಳಿವು 'ನಮ್ಮ ರಾಜ್ಯದ ಹೂ (3)'. ಉತ್ತರ ಕಮಲ. ಅದರ ಕೊನೆಯ 'ಲ' ಬಂದು ಕೂರುವುದು ಇದೇ ಮನೆಯಲ್ಲಿ. ಕೂಡಲಸಂಗಮದ ಮೂರನೇ ಅಕ್ಷರ 'ಲ'. ತಿರುಮಕೂಡಲಿನದು 'ಮ'. ನಿಮ್ಮ ಉತ್ತರ ಅಲ್ಲಿಗೆ ನಿಂತುಹೋಗುತ್ತದೆ.

ಹಾಗಂತ ನಾನು ನುಣುಚಿಕೊಳ್ಳುವುದಿಲ್ಲ. 'ಮಲಪ್ರಭೆ ಕೃಷ್ಣೆಯನ್ನು ಕೂಡುವ ಕ್ಷೇತ್ರ' ಎಂದು ಬರೆದಿದ್ದರೆ ನಿಮಗೆ ಈ ತೊಂದರೆ ಆಗುತ್ತಿರಲಿಲ್ಲ. ಇನ್ನು ಮುಂದೆ ನದಿಗಳ ಹೆಸರು ಹಾಕಿಯೇ ಬರೆಯುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಎರಡೂ ಊರಿನ ಹೆಸರಲ್ಲಿ 'ಕೂಡಲ್' ಇದೆ, ನೋಡಿ. ಕೂಡುವ ಜಾಗ ಅಂತಲೇ ಅರ್ಥ. ಶಿವಮೊಗ್ಗದ ಹತ್ತಿರದ ಕೂಡಲಿಯೂ ಹೀಗೆಯೇ. ಅಲ್ಲಿ ತುಂಗೆ, ಭದ್ರೆ ಸೇರುತ್ತವೆ. ಎರಡೂ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲೇ. ಒಂದೇ ಬೆಟ್ಟದಿಂದ ಇಳಿದು, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಕೈ ಹಿಡಿಯುತ್ತವೆ. ಅಲ್ಲಿಂದ ಮುಂದೆ ಹೆಸರೂ ಒಂದಾಗುತ್ತದೆ, ತುಂಗಭದ್ರಾ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಪಾಠವನ್ನೇ ಮಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ, "ಯಾವ ಕಡೆಯಿಂದ ಯಾವ ನದಿ ಬಂತು, ಹೇಳಿ" ಎಂದು ಕೇಳುತ್ತಿದ್ದೆ. ಹೇಳಿದವರು ಆಮೇಲೆ ನಕ್ಷೆಯಲ್ಲಿ ತಪ್ಪಿದ್ದೇ ಇಲ್ಲ.

ಕೂಡಲಸಂಗಮಕ್ಕೆ ಹೋಗದಿದ್ದರೆ ಒಮ್ಮೆ ಹೋಗಿ ಬನ್ನಿ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಸವಣ್ಣನವರ ಐಕ್ಯ ಮಂಟಪದ ಸುತ್ತ ನಿಲ್ಲುತ್ತದೆ. ಹಾಗಾಗಿ ಸುತ್ತಲೂ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಹೊರಗೆ ಅಷ್ಟು ನೀರು, ಒಳಗೆ ಅಷ್ಟು ಮೌನ. ಆ ಜಾಗದ ಹೆಸರನ್ನು ಆರು ಮನೆಗಳಲ್ಲಿ ಬರೆಯುವಾಗ ನನಗೆ ಪ್ರತಿ ಸಲವೂ ಅದೇ ಕಣ್ಣ ಮುಂದೆ ಬರುತ್ತದೆ.

ಪ್ರಶ್ನೆ: 'ಕುಹೂ ಎಂದು ಕೂಗುವ ಗಂಡು ಹಕ್ಕಿ (3)' ಎಂಬುದಕ್ಕೆ ಕೋಗಿಲೆ ಉತ್ತರವಂತೆ. ಕೋಗಿಲೆ ಹೆಣ್ಣಲ್ವಾ? ಚೆನ್ನಾಗಿ ಹಾಡುವ ಹೆಣ್ಣುಮಕ್ಕಳಿಗೆ ಗಾನಕೋಗಿಲೆ ಅನ್ನುತ್ತೇವಲ್ಲ?
(ಕಡೂರಿನ ಓದುಗರು)

ಅನ್ನುತ್ತೇವೆ. ಅದು ಪ್ರೀತಿಯಿಂದ ಹೇಳುವ ಮಾತು, ಹಾಗೇ ಇರಲಿ. ಆದರೆ ಯುಗಾದಿ ಹೊತ್ತಿಗೆ ಮಾವಿನ ಮರದಲ್ಲಿ ಕೂತು ಸ್ವರ ಏರಿಸುತ್ತಾ ಹೋಗುವುದು ಗಂಡು. ಮೈಯೆಲ್ಲ ಮಿರಿಮಿರಿ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಪ್ಪಲ್ಲ. ಕಂದು ಮೈ, ಅದರ ತುಂಬ ಬಿಳಿ ಚುಕ್ಕೆ, ಪಟ್ಟೆ. ಅದರ ದನಿ 'ಕಿಕ್ ಕಿಕ್ ಕಿಕ್' ಎಂದು ಚುರುಕಾಗಿರುತ್ತದೆ. ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ.

ನಮ್ಮ ಹಿತ್ತಿಲ ಸಂಪಿಗೆ ಮರಕ್ಕೆ ಆ ಚುಕ್ಕೆಯ ಹಕ್ಕಿ ಬಂದಾಗ ನಾನೂ ಎಷ್ಟೋ ವರ್ಷ ಅದನ್ನು ಬೇರೆ ಯಾವುದೋ ಹಕ್ಕಿ ಅಂದುಕೊಂಡಿದ್ದೆ. ಒಂದು ದಿನ ಕಪ್ಪು ಹಕ್ಕಿ ಅದರ ಬಾಯಿಗೆ ಹಣ್ಣು ಕೊಟ್ಟಿದ್ದನ್ನು ನೋಡಿದ ಮೇಲೆ ಗೊತ್ತಾಯಿತು, ಇವೆರಡೂ ಜೋಡಿ ಅಂತ. ನವಿಲಿನ ವಿಷಯವೂ ಇದೇ. ಗರಿ ಬಿಚ್ಚಿ ಕುಣಿಯುವುದು ಗಂಡು. ನಾಟ್ಯಮಯೂರಿ ಎಂಬ ಬಿರುದು ಮಾತ್ರ ಹೆಣ್ಣುಮಕ್ಕಳಿಗೆ.

ಪ್ರಶ್ನೆ: 'ಟೆಸ್ಟ್ ಪಂದ್ಯದ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಪಡೆದವರು (2)'. ಲೇಕರ್ ಎಂದು ಎರಡು ಮನೆಯಲ್ಲಿ ಬರೆದೆ: 'ಲೇ', 'ಕರ್'. ಸರಿ ತಾನೆ?
(ಮಂಡ್ಯದ ಕಾಲೇಜು ವಿದ್ಯಾರ್ಥಿ)

ಆಟಗಾರ ಸರಿ, ಮನೆ ಲೆಕ್ಕ ತಪ್ಪು. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಆ ಅಕ್ಷರದ ಜೊತೆಗೇ ಇರುತ್ತವೆ. ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಅದಕ್ಕೆ ಬೇರೆ ಮನೆ. ಹಾಗಾಗಿ ಲೇ-ಕ-ರ್ ಮೂರು ಮನೆ. ಮುಂಬೈಯಲ್ಲಿ 2021ರಲ್ಲಿ ನಮ್ಮ ಮೇಲೇ ಹತ್ತು ವಿಕೆಟ್ ತೆಗೆದ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಇದ್ದಾರಲ್ಲ, ಪ-ಟೇ-ಲ್, ಅದೂ ಮೂರೇ. ಎರಡು ಮನೆಯಲ್ಲಿ ಕೂರುವವರು ಒಬ್ಬರೇ. ಕುಂ-ಬ್ಳೆ.

ಜಿಮ್ ಲೇಕರ್ ಅವರದು 1956, ಮ್ಯಾಂಚೆಸ್ಟರ್, 53 ರನ್ನಿಗೆ 10. ಅನಿಲ್ ಕುಂಬ್ಳೆ ಅವರದು 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ, ಪಾಕಿಸ್ತಾನದ ವಿರುದ್ಧ 74ಕ್ಕೆ 10. ನೀನು ಆಗ ಹುಟ್ಟಿರಲಿಲ್ಲ ಅನಿಸುತ್ತದೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಅಂದು ಭಾನುವಾರ. ಪಾಕಿಸ್ತಾನಕ್ಕೆ ಗೆಲ್ಲಲು 420 ಬೇಕಿತ್ತು. ಒಂದೂ ವಿಕೆಟ್ ಬೀಳದೆ 101 ಆಗಿತ್ತು. ನಮ್ಮ ಮನೆಯವರು ಟೀವಿ ಆರಿಸಿ ಹೊರಗೆ ಹೋಗಿಬಿಟ್ಟರು. ನಾನು ಅಕ್ಕಿ ಆರಿಸುತ್ತಾ ರೇಡಿಯೋ ಹಚ್ಚಿಕೊಂಡೆ. ಆಮೇಲೆ ಒಂದಾದ ಮೇಲೊಂದು ವಿಕೆಟ್. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಬೌಲ್ ಮಾಡಿದರು. ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು. ಕೊನೆಗೆ ವಾಸಿಂ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. 207ಕ್ಕೆ ಎಲ್ಲ ಮುಗಿಯಿತು. ಎಲ್ಲರೂ ಕುಂಬ್ಳೆಯವರ ಹತ್ತು ವಿಕೆಟ್ ನೆನೆಯುತ್ತಾರೆ. ನನಗೆ ಶ್ರೀನಾಥ್ ಅವರ ಆ ಓವರೂ ಅಷ್ಟೇ ದೊಡ್ಡದು.

ಪ್ರಶ್ನೆ: ಮುಳ್ಳಯ್ಯನಗಿರಿಗಿಂತ ಕುದುರೆಮುಖ ಎತ್ತರ ಅಲ್ಲವೇ?
(ಕಾರ್ಕಳದ ಓದುಗರು)

ಅಲ್ಲ. ಮುಳ್ಳಯ್ಯನಗಿರಿಯೇ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ, ಸುಮಾರು 1930 ಮೀಟರ್. ಕುದುರೆಮುಖ ಸುಮಾರು 1890. ಕರಾವಳಿಯಿಂದ ನೋಡುವವರಿಗೆ ಕುದುರೆಮುಖ ತೀರಾ ತಗ್ಗಿನಿಂದ ಏಕಾಏಕಿ ಎದ್ದು ನಿಂತ ಹಾಗೆ ಕಾಣುತ್ತದೆ. ನಿಮಗೆ ಹಾಗನಿಸಿದ್ದು ಸಹಜ.

ಪ್ರಶ್ನೆ: ಪದಬಂಧ ಮೊದಲು ಶುರುವಾದದ್ದು ಯಾವಾಗ?
(ರಾಯಚೂರಿನ ಓದುಗರು)

1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಎಂಬ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ. ಮಾಡಿದವರು ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್. ಆಗ ಅದರ ಆಕಾರ ವಜ್ರದ ಹಾಗಿತ್ತು, ಹೆಸರು 'ವರ್ಡ್-ಕ್ರಾಸ್'.

ಪ್ರಶ್ನೆ: 'ಗವಂತಿ, ಮುರಗಿ, ನೇಗಿ, ಮೆಂತ್ಯ ಇರುವ ಕಲೆ (3)' ಸುಳಿವನ್ನು ನಾನು ತಕ್ಷಣ ಬಿಡಿಸಿದೆ. ಬೆಂಗಳೂರಿನಲ್ಲಿರುವ ಮಗಳು ಮಾತ್ರ 'ಅಡುಗೆ' ಎಂದು ಬರೆದಿದ್ದಾಳೆ! ಅವಳಿಗಾಗಿ ವಿವರಿಸಿ ಬರೆಯುತ್ತೀರಾ?
(ಹುಬ್ಬಳ್ಳಿಯ ಗೃಹಿಣಿ)

ಖಂಡಿತ ಬರೆಯುತ್ತೇನೆ. ಅಡುಗೆಯೂ ಮೂರೇ ಅಕ್ಷರ, ಮೆಂತ್ಯ ಅಡುಗೆಮನೆಯಲ್ಲೇ ಇರುವುದು. ಮಗಳ ಯೋಚನೆ ಹಾದಿ ತಪ್ಪಿಲ್ಲ. ಆದರೆ ಉತ್ತರ ಕಸೂತಿ.

ನಮ್ಮತ್ತೆ ಧಾರವಾಡದ ಕಡೆಯವರು. ಅವರ ಕೈಯಲ್ಲಿ ನಾನು ನೋಡಿದ್ದನ್ನೇ ಹೇಳುತ್ತೇನೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತಾ ಹೊಲಿಯುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತದೆ. ಹಾಗಾಗಿ ಬಟ್ಟೆಯ ಹಿಂದೆಯೂ ಮುಂದೆಯೂ ಒಂದೇ ಚಿತ್ರ. ಮುರಗಿಯದೂ ಇದೇ ಬಗೆ, ಆದರೆ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುತ್ತದೆ. ನೇಗಿ ನೇಯ್ದ ಹಾಗೇ ಕಾಣುತ್ತದೆ, ಹೆಸರು ಬಂದಿದ್ದೂ ನೇಯ್ಗೆಯಿಂದಲೇ. ಮೆಂತ್ಯ ಎಂದರೆ ಒಂದರ ಮೇಲೊಂದು ಅಡ್ಡ ಹಾಯುವ ಹೊಲಿಗೆ. ಸಣ್ಣ ಸಣ್ಣ ಮೆಂತ್ಯದ ಕಾಳು ಸಾಲಾಗಿ ಇಟ್ಟ ಹಾಗೆ.

ತೇರು, ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ, ನವಿಲು. ಇವೆಲ್ಲ ಇಳಕಲ್ ಸೀರೆಯ ಸೆರಗಿನ ಕಡೆಗೆ ಬರುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು ದಾರದ ತೇರು ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ನಮ್ಮತ್ತೆಗೆ ವಯಸ್ಸಾದ ಮೇಲೆ ಕಣ್ಣು ಮಂಜಾಯಿತು. ಆಗಲೂ ಬೆರಳಲ್ಲೇ ಎಳೆ ಮುಟ್ಟಿ ಎಣಿಸುತ್ತಿದ್ದರು. "ಒಂದು ಎಳಿ ತಪ್ಪಿದರ ಆನಿ ಕಾಲು ಸೊಟ್ಟ ಆಗತೈತಿ" ಎನ್ನುತ್ತಿದ್ದರು. ಚೌಕದ ಹಾಳೆಯಲ್ಲಿ ಮನೆ ಎಣಿಸುವಾಗ ಆ ಮಾತು ನನ್ನ ಜೊತೆಗೇ ಇರುತ್ತದೆ. ಮಗಳು ಮುಂದಿನ ಸಲ ಊರಿಗೆ ಬಂದಾಗ ಸೀರೆಯ ಸೆರಗು ತಿರುಗಿಸಿ ಹಿಂಬದಿ ತೋರಿಸಿ. ವಿವರಣೆಗಿಂತ ಅದು ಚೆನ್ನಾಗಿ ತಿಳಿಸುತ್ತದೆ.

ಪ್ರಶ್ನೆ: ನಾನೇ ಪದಬಂಧ ರಚಿಸಲು ಕೂತೆ. ಅರ್ಧಕ್ಕೇ ಸಿಕ್ಕಿಹಾಕಿಕೊಂಡೆ. ಏನು ಮಾಡಲಿ?
(ಪುತ್ತೂರಿನ ಓದುಗರು)

ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ನಿಮ್ಮ ಹಾಳೆ ನೋಡಿದರೇ ಗೊತ್ತಾಗುತ್ತದೆ. 'ಅಘನಾಶಿನಿ'ಯ 'ಅ' ಮೇಲೆ ಇನ್ನೊಂದು ಪದವನ್ನು ನಡುವಿನಿಂದ ಹಾಯಿಸಲು ಹೋಗಿದ್ದೀರಿ. ಅ, ಇ, ಎ, ಒ ಮುಂತಾದ ಸ್ವರಗಳು ನಮ್ಮ ಪದಗಳ ಮೊದಲಲ್ಲಿ ಬರುವುದೇ ಜಾಸ್ತಿ. ನಡುವೆ ಬರುವುದು ಬಹಳ ಅಪರೂಪ. ಹಾಗಾಗಿ ಸ್ವರದ ಮನೆಯಿಂದ ಎರಡೂ ಪದ ಶುರುವಾಗುವಂತೆ ನೋಡಿಕೊಳ್ಳಿ. ಹಾಯುವ ಮನೆಯಲ್ಲಿ ರ, ಲ, ಕ, ವ, ಮ, ನಿ, ರಿ ಇರಲಿ. ಇವು ಎಲ್ಲಿ ಬೇಕಾದರೂ ಹೊಂದುತ್ತವೆ. 'ಕ್ಷ್ಮ' ಇರುವ ಪದವನ್ನು ಇಷ್ಟಪಟ್ಟು ಹಾಕಿದ್ದೀರಿ. ಇರಲಿ, ಆದರೆ ಆ ಮನೆಯ ಮೇಲೂ ಕೆಳಗೂ ಕಪ್ಪು ಮನೆ ಹಾಕಿಬಿಡಿ. ಉದ್ದದ ಪದಗಳನ್ನು ಮೊದಲು ಕೂರಿಸಿ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಪೂರ್ತಿ ಆದ ಮೇಲೆ ನನಗೆ ಕಳಿಸಿ.

ಪ್ರಶ್ನೆ: ಅಜ್ಜಿ, ನೀವು 'ಬಲೆ ನೇಯುವ ಕೀಟ (2)' ಎಂದು ಕೊಟ್ಟು 'ಜೇಡ' ಉತ್ತರ ಅಂದಿದ್ದೀರಿ. ಜೇಡ ಕೀಟ ಅಲ್ಲ ಎಂದು ನಮ್ಮ ವಿಜ್ಞಾನದ ಮಿಸ್ ಹೇಳಿದ್ದಾರೆ. ನಾನೂ ಒಂದು ಸುಳಿವು ಮಾಡಿದ್ದೇನೆ: 'ಹೂವನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಮರ (2)'. ಉತ್ತರ ಅತ್ತಿ. ಹಾಕುತ್ತೀರಾ?
(ದಾವಣಗೆರೆ, 7ನೇ ತರಗತಿ)

ನಿಮ್ಮ ಮಿಸ್ ಹೇಳಿದ್ದೇ ಸರಿ, ಮಗು. ನನ್ನದು ತಪ್ಪು. ಕೀಟಕ್ಕೆ ಆರು ಕಾಲು, ಮೈಯಲ್ಲಿ ಮೂರು ಭಾಗ. ಜೇಡಕ್ಕೆ ಎಂಟು ಕಾಲು, ಮೈಯಲ್ಲಿ ಎರಡೇ ಭಾಗ, ತಲೆಯ ಮೇಲೆ ಮೀಸೆಯಿಲ್ಲ. ಚೇಳು, ದನದ ಮೈಗೆ ಅಂಟುವ ಉಣ್ಣೆ ಇವೆಲ್ಲ ಜೇಡದ ಬಳಗ. 'ಬಲೆ ನೇಯುವ ಎಂಟು ಕಾಲಿನ ಜೀವಿ' ಎಂದು ತಿದ್ದಿಕೊಂಡಿದ್ದೇನೆ.

ಇನ್ನು ನಿನ್ನ ಸುಳಿವು. ತುಂಬಾ ಚೆನ್ನಾಗಿದೆ. ಅತ್ತಿಹೂವನ್ನು ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಾರಲ್ಲ, ಕಾಣದಿರಲು ಕಾರಣವನ್ನೇ ನೀನು ಸುಳಿವು ಮಾಡಿದ್ದೀಯ. ನಾವು ಕಾಯಿ ಎಂದುಕೊಳ್ಳುವ ಆ ಉಂಡೆಯ ಒಳಗೋಡೆಗೇ ನೂರಾರು ಸಣ್ಣ ಹೂಗಳು ಅಂಟಿಕೊಂಡಿರುತ್ತವೆ. ತುದಿಯ ಒಂದು ಕಿರು ತೂತಿನಿಂದ ಪುಟಾಣಿ ಕಣಜ ಒಳಗೆ ನುಗ್ಗಿ ಪರಾಗ ಮುಟ್ಟಿಸುತ್ತದೆ. ಹಣ್ಣು ಬಿಡಿಸಿದಾಗ ಹುಳ ಕಾಣುವುದು ಅದಕ್ಕೇ.

ಆದರೆ ಒಂದು ತೊಡಕಿದೆ. ಆಲ, ಅರಳಿ, ಬಸರಿ ಎಲ್ಲವೂ ಅತ್ತಿಯ ಅಣ್ಣತಮ್ಮಂದಿರೇ. ಎಲ್ಲವೂ ಹೂವನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅರಳಿ, ಬಸರಿಗೆ ಮೂರು ಅಕ್ಷರ, ಬಿಡು. 'ಆಲ'ಕ್ಕೆ ಎರಡೇ. ಕರಾವಳಿಯವರು ಆಲವನ್ನು 'ಗೋಳಿ' ಎನ್ನುತ್ತಾರೆ, ಅದಕ್ಕೂ ಎರಡೇ. ಇದೇ ಪುಟದಲ್ಲಿ ಮೇಲೆ ತಿ. ನರಸೀಪುರದವರಿಗೂ ನನಗೂ ಆದ ಮಾತು ಓದು, ನಿನಗೆ ಅರ್ಥವಾಗುತ್ತದೆ. ಹಾಗಾದರೆ ಅತ್ತಿಯಲ್ಲಿ ಇದ್ದು ಆಲದಲ್ಲಿ ಇಲ್ಲದ್ದು ಏನು? ಮರದ ಹತ್ತಿರ ಹೋಗಿ ನೋಡು. ಅತ್ತಿಯ ಹಣ್ಣು ದಪ್ಪ ಕಾಂಡದ ಮೇಲೇ ಗೊಂಚಲು ಗೊಂಚಲಾಗಿ ಬಿಡುತ್ತದೆ. ಆಲದ್ದು ರೆಂಬೆ ತುದಿಯ ಎಲೆಗಳ ಪಕ್ಕದಲ್ಲಿ.

ಅದನ್ನು ಸೇರಿಸಿ ಸುಳಿವನ್ನು ನೀನೇ ಇನ್ನೊಮ್ಮೆ ಬರೆದು ಕಳಿಸು. ಮುಂದಿನ ಸಂಚಿಕೆಯ ಹಾಳೆಯಲ್ಲಿ ಎಡಗಡೆ ಮೂಲೆಯ ಎರಡು ಮನೆ ಖಾಲಿ ಇಟ್ಟುಕೊಂಡಿರುತ್ತೇನೆ.