ಆಯಾ ಕೆಲಸವಲ್ಲ, ಡಾಕ್ಟರಿಕೆಯೂ ಅಲ್ಲ

ಓದುಗರ ಪತ್ರ:

"ನನ್ನ ಮಗಳಿಗೆ ಹದಿನಾರು ವರ್ಷ. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರ) ಮುಗಿಸಿ ಈ ಸೆಪ್ಟೆಂಬರ್‌ನಲ್ಲಿ ಸಿಕ್ಸ್ತ್ ಫಾರ್ಮ್ (ನಮ್ಮ ಪಿಯುಸಿ ಥರ) ಸೇರಿದಳು. ಸೈನ್ಸ್ ತಗೋ ಅಂದರೆ ಕೇಳಲಿಲ್ಲ. ಹೆಲ್ತ್ ಅಂಡ್ ಸೋಶಿಯಲ್ ಕೇರ್ ಬಿಟೆಕ್ ತಗೊಂಡಿದ್ದಾಳೆ, ಜೊತೆಗೆ ಸೈಕಾಲಜಿ, ಸೋಶಿಯಾಲಜಿ ಎ-ಲೆವೆಲ್. ಮುಂದೆ ಮಾನಸಿಕ ರೋಗಿಗಳ ನರ್ಸ್ ಆಗುತ್ತಾಳಂತೆ. 'ಅಷ್ಟು ದೂರ ಹೋಗಿ ಆಯಾ ಕೆಲಸಾನಾ?' ಎಂದು ದಾವಣಗೆರೆಯಿಂದ ನಮ್ಮತ್ತೆ ಕೇಳಿದರು. ಇದು ದಡ್ಡರ ಕೋರ್ಸಾ? ಈ ವಯಸ್ಸಿಗೇ ಹುಚ್ಚು, ಆತ್ಮಹತ್ಯೆ ಅಂತೆಲ್ಲ ಓದಿದರೆ ಅವಳ ಮನಸ್ಸು ಕೆಡುವುದಿಲ್ಲವೇ? ಜುಲೈನಲ್ಲಿ ಊರಿಗೆ ಬರುತ್ತೇವೆ. ಅಲ್ಲಿ ಅವಳಿಗೆ ಉಪಯೋಗವಾಗುವಂಥದ್ದು ಏನಾದರೂ ಇದೆಯೇ?"
— ಇಂಗ್ಲೆಂಡಿನ ರೀಡಿಂಗ್‌ನಿಂದ ಒಬ್ಬ ತಾಯಿ

ಸಂಪಾದಕರ ಉತ್ತರ:

ಮೊದಲು ಮಗಳನ್ನು ಒಂದು ಪ್ರಶ್ನೆ ಕೇಳಿ. ಡಾಕ್ಟರ್ ಆಗುವ ಆಸೆ ಮನಸ್ಸಿನ ಮೂಲೆಯಲ್ಲೆಲ್ಲಾದರೂ ಇದೆಯಾ? ಇದ್ದರೆ ಈ ವಾರವೇ ಶಾಲೆಗೆ ಹೋಗಿ ಮಾತಾಡಿ. ಬ್ರಿಟನ್ನಿನ ಮೆಡಿಕಲ್ ಕಾಲೇಜುಗಳಲ್ಲಿ ಹೆಚ್ಚಿನವು ಎ-ಲೆವೆಲ್ ಕೆಮಿಸ್ಟ್ರಿಯನ್ನೋ ಬಯಾಲಜಿಯನ್ನೋ ಎರಡನ್ನೂ ಒಟ್ಟಿಗೋ ಕೇಳುತ್ತವೆ. ಇಲ್ಲಿ ನೀಟ್ ಬರೆಯಲು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಅವಳು ಆರಿಸಿಕೊಂಡ ದಾರಿ ಆ ಕಡೆಗೆ ಹೋಗುವುದಿಲ್ಲ. "ಆಮೇಲೆ ನೋಡೋಣ" ಎಂದರೆ ಎರಡು ವರ್ಷ ವ್ಯರ್ಥ.

ಅಂಥ ಆಸೆ ಇಲ್ಲ ಅಂತಾದರೆ ಅವಳ ಆಯ್ಕೆ ಸರಿಯಾಗಿಯೇ ಇದೆ.

ದಡ್ಡರ ಕೋರ್ಸ್ ಅನ್ನುವ ಮಾತು ಅಲ್ಲೂ ಇದೆ, ಇಲ್ಲೂ ಇದೆ. ಅಂಕದ ಲೆಕ್ಕ ಹಾಗೆ ಹೇಳುವುದಿಲ್ಲ. (ಬಿಟೆಕ್ ಅಂದರೆ ಎ-ಲೆವೆಲ್ ಹಂತದಲ್ಲೇ ಓದುವ, ಉದ್ಯೋಗಕ್ಕೆ ಹತ್ತಿರವಾದ ಕೋರ್ಸ್. ನಮ್ಮ ಎಂಜಿನಿಯರಿಂಗ್ ಬಿ.ಟೆಕ್‌ಗೂ ಈ ಬಿಟೆಕ್‌ಗೂ ಸಂಬಂಧವಿಲ್ಲ, ಊರಿನವರಿಗೆ ಮೊದಲೇ ಹೇಳಿಬಿಡಿ.) ಎರಡು ಎ-ಲೆವೆಲ್ ಜೊತೆಗೆ ತಗೊಂಡಿದ್ದಾಳೆ ಎಂದರೆ ಅದು ಎಕ್ಸ್‌ಟೆಂಡೆಡ್ ಸರ್ಟಿಫಿಕೇಟ್ ಇರಬೇಕು. ಅದು ಒಂದು ಎ-ಲೆವೆಲ್‌ಗೆ ಸಮ. ಅದರಲ್ಲಿ ಡಿಸ್ಟಿಂಕ್ಷನ್ ಬಂದರೆ 48 ಯುಕಾಸ್ ಪಾಯಿಂಟ್ (ಯುಕಾಸ್ ಅಂದರೆ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಪಡೆಯುವ ಸಂಸ್ಥೆ). ಎ-ಲೆವೆಲ್‌ನಲ್ಲಿ ಎ ಗ್ರೇಡ್‌ಗೂ ಅಷ್ಟೇ. ಆದರೆ ಪಾಯಿಂಟ್ ಸಮವಾದ ಮಾತ್ರಕ್ಕೆ ಎಲ್ಲ ವಿಶ್ವವಿದ್ಯಾಲಯಗಳೂ ಸಮವಾಗಿ ನೋಡುತ್ತವೆ ಎಂದೇನಿಲ್ಲ. ಕೆಲವು ನರ್ಸಿಂಗ್ ಕೋರ್ಸುಗಳು ಒಂದು ವಿಜ್ಞಾನ ವಿಷಯ ಇದ್ದರೆ ಒಳ್ಳೆಯದು ಎನ್ನುತ್ತವೆ. ನನ್ನನ್ನು ಕೇಳಿದ್ದರೆ ಸೋಶಿಯಾಲಜಿ ಬಿಟ್ಟು ಬಯಾಲಜಿ ತಗೋ ಅನ್ನುತ್ತಿದ್ದೆ. ಶುರುವಿನ ವಾರಗಳಲ್ಲಿ ವಿಷಯ ಬದಲಿಸಲು ಶಾಲೆಗಳು ಸಾಮಾನ್ಯವಾಗಿ ಬಿಡುತ್ತವೆ, ಕೇಳಿ ನೋಡಿ.

ಇನ್ನು ಆಯಾ ಕೆಲಸದ ಮಾತು. ಆಯಾ ಕೆಲಸಕ್ಕೇನು ಕಡಿಮೆ ಎಂಬ ಜಗಳ ಇನ್ನೊಮ್ಮೆ ಆಡೋಣ. ಈಗ ಅವಳು ಓದಲಿರುವುದು ಏನು ಅಂತ ನೋಡಿ.

ನಿಮ್ಮ ಅತ್ತೆಯವರ ವಯಸ್ಸಿನ ಒಬ್ಬ ಅಜ್ಜಿ ಎಂದುಕೊಳ್ಳಿ. ಸಕ್ಕರೆ ಕಾಯಿಲೆ ಜೋರಾಗಿದೆ. ಹಬ್ಬದ ದಿನ ಮೂರನೇ ಹೋಳಿಗೆ ಬೇಕು ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ತಟ್ಟೆ ಎಳೆದುಕೊಳ್ಳುತ್ತೇವೆ. "ಸುಮ್ನಿರಿ, ನಿಮಗೆ ಗೊತ್ತಾಗಲ್ಲ" ಅನ್ನುತ್ತೇವೆ. ಅದನ್ನೇ ಪ್ರೀತಿ ಎಂದೂ ಕರೆಯುತ್ತೇವೆ. ಇಂಗ್ಲೆಂಡಿನ ಕೇರ್ ಹೋಮಿನಲ್ಲಿ ಹಾಗೆ ಮಾಡುವಂತಿಲ್ಲ. ಅಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಎಂಬ ಕಾನೂನಿದೆ. ಅಸಾಧ್ಯ ಎಂದು ತೋರಿಸುವವರೆಗೆ ಪ್ರತಿಯೊಬ್ಬರಿಗೂ ತಮ್ಮ ತೀರ್ಮಾನ ತಾವೇ ಮಾಡುವ ಶಕ್ತಿ ಇದೆ ಎಂದೇ ನಂಬಬೇಕು. ತೀರ್ಮಾನ ಬುದ್ಧಿವಂತಿಕೆಯದ್ದಲ್ಲ ಎಂಬ ಒಂದೇ ಕಾರಣಕ್ಕೆ ಶಕ್ತಿ ಇಲ್ಲ ಅನ್ನುವಂತಿಲ್ಲ. ಹೇಳಿದ್ದು ಅರ್ಥವಾಯಿತೇ, ನೆನಪಿನಲ್ಲಿ ಉಳಿಯಿತೇ, ತೂಗಿ ನೋಡಲು ಆಯಿತೇ, ತೀರ್ಮಾನವನ್ನು ಹೇಗಾದರೂ ತಿಳಿಸಲು ಆಯಿತೇ ಎಂದು ನೋಡಬೇಕು. ಅಷ್ಟೂ ಆದರೆ ಹೋಳಿಗೆ ಅಜ್ಜಿಯದು. ಡಿಮೆನ್ಶಿಯಾದಿಂದ ಆಕೆಗೆ ಅದು ಮೂರನೆಯದು ಎಂಬುದೇ ನೆನಪಿಲ್ಲದಿದ್ದರೆ ಕಥೆ ಬೇರೆ. ಆಗಲೂ ಆಕೆಯ ಹಿತ ನೋಡಿ, ಸಾಧ್ಯವಾದಷ್ಟು ಕಡಿಮೆ ಕಟ್ಟುಪಾಡು ಹಾಕಬೇಕು.

ಹದಿನಾರರ ಹುಡುಗಿ ಇದನ್ನು ಓದಿ, ಒಂದು ಪ್ರಸಂಗ ಕೊಟ್ಟರೆ ನೀನೇನು ಮಾಡುತ್ತೀಯ, ಯಾಕೆ ಎಂದು ಬರೆಯಬೇಕು. ನನಗಂತೂ ಇದು ದಡ್ಡರ ಕೆಲಸ ಅನ್ನಿಸುವುದಿಲ್ಲ. ಮನೆ ತುಂಬ ವಯಸ್ಸಾದವರನ್ನು ನೋಡಿಕೊಂಡ ನಮಗೇ ಈ ಪ್ರಶ್ನೆ ಹೊಳೆದಿರಲಿಲ್ಲ, ಅಲ್ವಾ?

ಮಾನಸಿಕ ಆರೋಗ್ಯದ ಕಾನೂನು ಇನ್ನೂ ಬಿಗಿ. 1983ರ ಮೆಂಟಲ್ ಹೆಲ್ತ್ ಆ್ಯಕ್ಟಿನ ಸೆಕ್ಷನ್ 2ರ ಪ್ರಕಾರ ಒಬ್ಬರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ 28 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿ ಪರೀಕ್ಷಿಸಬಹುದು. ಇಬ್ಬರು ಡಾಕ್ಟರು ಶಿಫಾರಸು ಮಾಡಬೇಕು. ಆದರೆ ಅರ್ಜಿ ಹಾಕುವುದು ಸಾಮಾನ್ಯವಾಗಿ ಅದಕ್ಕೆಂದೇ ತರಬೇತಿ ಪಡೆದು ಮನ್ನಣೆ ಪಡೆದ ಇನ್ನೊಬ್ಬರು. ಅವರು ಸೋಶಿಯಲ್ ವರ್ಕರ್ ಆಗಿರಬಹುದು, ನರ್ಸ್ ಆಗಿರಬಹುದು, ಸೈಕಾಲಜಿಸ್ಟ್ ಆಗಿರಬಹುದು. ಡಾಕ್ಟರ್ ಆಗಿರುವಂತಿಲ್ಲ, ಅದೂ ಕಾನೂನೇ. ಇಬ್ಬರು ಡಾಕ್ಟರು ಹೌದು ಎಂದರೂ "ಬೇಡ, ಮನೆಯಲ್ಲೇ ನೋಡಿಕೊಳ್ಳಬಹುದು" ಎನ್ನುವ ಅಧಿಕಾರ ಅವರಿಗಿದೆ. ನಿಮ್ಮ ಮಗಳು ಮುಂದೊಂದು ದಿನ ಆ ಜಾಗದಲ್ಲಿ ಕೂರಬಹುದು. ಅತ್ತೆಯವರಿಗೆ ಇದನ್ನು ಹೇಳಿ.

ಮನಸ್ಸು ಕೆಡುವುದಿಲ್ಲವೇ ಎಂದಿರಿ. ಪಾಠ ಭಾರವಾಗಿರುತ್ತದೆ, ಸುಳ್ಳು ಹೇಳಲಾರೆ. ಮಕ್ಕಳ ಮೇಲಿನ ದೌರ್ಜನ್ಯ, ಸಾವು, ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವುದು ಎಲ್ಲವೂ ಬರುತ್ತವೆ. ಆದರೆ ಇವೆಲ್ಲ ಅವಳಿಗೆ ಹೊಸ ಸುದ್ದಿ ಎಂದುಕೊಂಡಿದ್ದರೆ ಅವಳ ಫೋನ್‌ನಲ್ಲಿ ಏನೇನು ಬರುತ್ತದೆ ಎಂಬುದು ನಿಮಗೆ ಗೊತ್ತಿಲ್ಲ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ತಪ್ಪು ಎಂದು ಈ ಕ್ಷೇತ್ರದವರೆಲ್ಲ ಹೇಳುತ್ತಾರೆ. ಮೊದಮೊದಲು ಓದಿದ ಕಾಯಿಲೆಯೆಲ್ಲ ತನಗೇ ಇದೆ ಅನ್ನಿಸಬಹುದು. ನಿಮಗೂ ಒಂದೆರಡು ಹಚ್ಚಿಬಿಡುತ್ತಾಳೆ, ನಕ್ಕು ಬಿಡಿ. ನಗಬಾರದ್ದು ಬೇರೆ ಇದೆ. ಗೆಳತಿಯರು ತಮ್ಮ ಸಂಕಟವನ್ನೆಲ್ಲ ರಾತ್ರಿ ಇವಳ ಹತ್ತಿರ ತೋಡಿಕೊಳ್ಳಲು ಶುರುಮಾಡುತ್ತಾರೆ, "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸುತ್ತಾರೆ. ಅಂಥ ಆಣೆ ಇಡಬಾರದು. ಜೀವಕ್ಕೆ ಅಪಾಯ ಎನ್ನುವಂಥದ್ದನ್ನು ಗುಟ್ಟಾಗಿಡುವ ಮಾತು ಕೊಡಬಾರದು ಎಂದು ಕೋರ್ಸಿನಲ್ಲೇ ಕಲಿಸುತ್ತಾರೆ. ಪ್ರತಿ ಶಾಲೆಯಲ್ಲೂ ಸೇಫ್‌ಗಾರ್ಡಿಂಗ್, ಅಂದರೆ ಮಕ್ಕಳ ಸುರಕ್ಷತೆ, ನೋಡಿಕೊಳ್ಳುವ ಹಿರಿಯ ಸಿಬ್ಬಂದಿಯೊಬ್ಬರು ಇರುತ್ತಾರೆ. ಅವರು ಯಾರು ಎಂದು ನಿಮಗೂ ಗೊತ್ತಿರಲಿ.

ನರ್ಸಿಂಗ್ ಡಿಗ್ರಿ ಅಲ್ಲಿ ಸಾಮಾನ್ಯವಾಗಿ ಮೂರು ವರ್ಷ. ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು ಎಂಬ ನಾಲ್ಕು ಶಾಖೆಗಳಲ್ಲಿ ಒಂದನ್ನು ಅರ್ಜಿ ಹಾಕುವಾಗಲೇ ಆರಿಸಬೇಕು. ಅರ್ಹರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ವರ್ಷಕ್ಕೆ ಕನಿಷ್ಠ 5,000 ಪೌಂಡ್ ಸಿಗುತ್ತದೆ, ಹಿಂದಿರುಗಿಸಬೇಕಿಲ್ಲ. ಯುಕಾಸ್ ಅರ್ಜಿಗೆ ಗಡುವು ಸಿಕ್ಸ್ತ್ ಫಾರ್ಮಿನ ಎರಡನೇ ವರ್ಷದ ಜನವರಿ. ಅಷ್ಟರಲ್ಲಿ ಕೇರ್ ಹೋಮಿನಲ್ಲೋ ಡೇ ಸೆಂಟರ್‌ನಲ್ಲೋ ಒಂದಿಷ್ಟು ದಿನ ಕೆಲಸ ಮಾಡಿದ್ದರೆ ಸಂದರ್ಶನದಲ್ಲಿ ಮಾತಿಗೆ ಬಲ ಬರುತ್ತದೆ. ಅವಳ ಕನ್ನಡವನ್ನೂ ಬಿಡಿಸಬೇಡಿ. ಡಿಮೆನ್ಶಿಯಾ ಬಂದವರಲ್ಲಿ ಕೆಲವರು ಆಮೇಲೆ ಕಲಿತ ಇಂಗ್ಲಿಷ್ ಮರೆತು ಮೊದಲ ಭಾಷೆಗೆ ಮರಳುತ್ತಾರೆ. ನಿಮ್ಮ ತಲೆಮಾರಿನ ಕನ್ನಡಿಗರೂ ಅಲ್ಲೇ ಮುದುಕರಾಗುತ್ತಿದ್ದೀರಿ, ಯೋಚಿಸಿ.

ಜುಲೈ ವಿಷಯ. ನಿಮ್ಹಾನ್ಸ್ ವಾರ್ಡಿನೊಳಗೆ ಒಮ್ಮೆ ತೋರಿಸಿ ಅಂತ ಯಾರಿಂದಲೂ ಶಿಫಾರಸು ಮಾಡಿಸಬೇಡಿ. ರೋಗಿಗಳು ಪ್ರದರ್ಶನಕ್ಕಿಲ್ಲ. ಅಲ್ಲಿನ ಮೆದುಳಿನ ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿರುತ್ತದೆ, ಅದನ್ನು ನೋಡಲಿ. ಓದಲು ಬಳ್ಳಾರಿಯ ಕಥೆ ಹುಡುಕಿಕೊಳ್ಳಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅವಳ ತರಗತಿಯಲ್ಲಿ ಇದು ಗೊತ್ತಿರುವವರು ಇನ್ನೊಬ್ಬರಿರಲಾರರು. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.