ಬ್ಯಾಕ್-ಎಂಡ್ (ಸರ್ವರ್ ಭಾಗ) ರೆಡಿ ಇದೆ, ಫ್ರಂಟ್-ಎಂಡ್‌ಗೆ (ಬ್ರೌಸರ್‌ನಲ್ಲಿ ಕಾಣುವ ಭಾಗಕ್ಕೆ) ಕೈ ಹೋಗುತ್ತಿಲ್ಲ. ರಿಯಾಕ್ಟ್ ಕಲಿಯಲೇಬೇಕಾ?

ಜಾಂಗೊದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮನೆಖರ್ಚಿನ ಲೆಕ್ಕದ ಆ್ಯಪ್, ಎಪಿಐ (ಬೇರೆ ಪ್ರೋಗ್ರಾಮ್‌ಗಳು ಡೇಟಾ ಕೇಳುವ ದಾರಿ) ಟೆಸ್ಟ್ ಸಮೇತ ಮುಗಿದಿದೆ, ಬ್ರೌಸರ್ ಭಾಗ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ ಎರಡು ಸಲ ಶುರುಮಾಡಿ ಬಿಟ್ಟಿದ್ದೀರಿ, ಬಳಸುವವರು ಮನೆಯ ನಾಲ್ಕು ಜನ ಅಂತ ಬರೆದಿದ್ದೀರಿ. ಹಾಗಿದ್ದರೆ ಬೇಡ. ರಿಯಾಕ್ಟ್ ಕೆಟ್ಟದ್ದಲ್ಲ, ನಿಮ್ಮ ಈ ಕೆಲಸಕ್ಕೆ ಬೇಕಿಲ್ಲ ಅಷ್ಟೆ.

ನಿಮಗೆ ಬೇಸರ ಇರುವುದು ಬಣ್ಣ, ಬಟನ್‌ಗಳ ಮೇಲಲ್ಲ ಅಂತ ನನ್ನ ಅಂದಾಜು. ಸರ್ವರ್‌ನಲ್ಲಿ ಒಮ್ಮೆ ಬರೆದ ರೂಟಿಂಗ್ (ಯಾವ ವಿಳಾಸಕ್ಕೆ ಯಾವ ಪುಟ), ವ್ಯಾಲಿಡೇಶನ್ (ತುಂಬಿದ್ದು ಸರಿಯಿದೆಯೇ ಎಂಬ ಪರೀಕ್ಷೆ), ಲಾಗಿನ್ ಎಲ್ಲವನ್ನೂ ಬ್ರೌಸರ್‌ನಲ್ಲಿ ಇನ್ನೊಮ್ಮೆ ಬರೆಯಬೇಕಲ್ಲ, ಅದರ ಮೇಲೆ. ಆ ಎರಡನೇ ಆ್ಯಪ್ ಬರೆಯಲೇಬೇಡಿ. ಜಾಂಗೊ ಟೆಂಪ್ಲೇಟ್‌ನಿಂದಲೇ (ಎಚ್‌ಟಿಎಮ್‌ಎಲ್ ಅಚ್ಚು) ಪುಟ ಕಳಿಸಿ. ಎಲ್ಲ ಒಂದೇ ಡೊಮೇನ್‌ನಿಂದ ಬರುವುದರಿಂದ ಕಾರ್ಸ್ (ಬೇರೆ ಡೊಮೇನ್‌ಗೆ ಕರೆ ಮಾಡಲು ಬ್ರೌಸರ್ ಕೇಳುವ ಅನುಮತಿ) ತಲೆನೋವೂ ಹೋಗುತ್ತದೆ.

ಮೊದಲು ಒಂದೇ ಒಂದು ಪುಟ: ಮೇಲೆ ಖರ್ಚು ಸೇರಿಸುವ ಫಾರ್ಮ್, ಕೆಳಗೆ ಈ ತಿಂಗಳ ಪಟ್ಟಿ ಮತ್ತು ಮೊತ್ತ. ಮಾಡೆಲ್‌ಫಾರ್ಮ್ (ಡೇಟಾಬೇಸ್ ಮಾಡೆಲ್‌ನಿಂದಲೇ ಜಾಂಗೊ ಕಟ್ಟಿಕೊಡುವ ಫಾರ್ಮ್) ಬಳಸಿ, ಪೋಸ್ಟ್ (ಫಾರ್ಮ್ ಸಲ್ಲಿಕೆ) ಆದಮೇಲೆ ರೀಡೈರೆಕ್ಟ್ ಮಾಡಿ (ಬ್ರೌಸರನ್ನು ಮತ್ತೆ ಪುಟದ ವಿಳಾಸಕ್ಕೆ ಕಳಿಸಿ), ಇಲ್ಲದಿದ್ದರೆ ರಿಫ್ರೆಶ್ ಒತ್ತಿದಾಗ ಅದೇ ಖರ್ಚು ಎರಡು ಸಲ ಸೇರುತ್ತದೆ. ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಡ. ಅಂದಕ್ಕೆ ಪಿಕೊ ಎಂಬ ಸಿದ್ಧ ಸಿಎಸ್‌ಎಸ್ (ಪುಟದ ಅಂದದ ನಿಯಮಗಳ) ಫೈಲ್ ಒಂದನ್ನು ಸೇರಿಸಿ. ಕ್ಲಾಸ್ ಹೆಸರುಗಳಿಲ್ಲದೆ ಬರೀ ಟ್ಯಾಗ್‌ಗಳಿಗೇ ಅದು ರೂಪ ಕೊಡುತ್ತದೆ. ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ಸಾಲು) ಮರೆತರೆ ಫೋನಿನಲ್ಲಿ ಅಕ್ಷರ ಇರುವೆಯಷ್ಟು ಕಾಣುತ್ತದೆ. ಇನ್‌ಪುಟ್‌ಗಳ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿದ್ದರೆ ಐಫೋನ್ ಸಫಾರಿ ಮುಟ್ಟಿದ ಕೂಡಲೇ ಝೂಮ್ ಮಾಡುತ್ತದೆ. ಲೇಬಲ್‌ಗಳು ಕನ್ನಡದಲ್ಲಿದ್ದರೆ ಲೈನ್-ಹೈಟ್ (ಸಾಲಿನ ಎತ್ತರ) 1.5ಕ್ಕಿಂತ ಇಳಿಸಬೇಡಿ, ಬಟನ್ ಒಳಗೆ ಒತ್ತಕ್ಷರದ ಬುಡ ಕತ್ತರಿಸಿ ಹೋಗಬಹುದು.

ದಿನಾಂಕದ್ದು ಒಂದು ಹಳೇ ಕಾಟ. ಇನ್‌ಪುಟ್ ಟೈಪ್ ‘ಡೇಟ್’ ಅಂತ ಕೊಟ್ಟರೆ ಬ್ರೌಸರ್ ವರ್ಷ-ತಿಂಗಳು-ದಿನ ಕ್ರಮವನ್ನು ಮಾತ್ರ ಒಪ್ಪುತ್ತದೆ. ಜಾಂಗೊ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ ಅದು ದಿನ/ತಿಂಗಳು/ವರ್ಷ ಕಳಿಸುತ್ತದೆ, ತಿದ್ದುವ ಪುಟದಲ್ಲಿ ದಿನಾಂಕ ಖಾಲಿ ಕಾಣುತ್ತದೆ. ಡೇಟ್‌ಇನ್‌ಪುಟ್ ವಿಜೆಟ್‌ಗೆ (ಜಾಂಗೊದ ದಿನಾಂಕದ ಖಾನೆ) ವರ್ಷ-ತಿಂಗಳು-ದಿನ ಫಾರ್ಮ್ಯಾಟ್ ಸ್ಪಷ್ಟವಾಗಿ ಕೊಡಿ. ಹಾಗೇ ಲಾಗ್‌ಔಟ್‌ಗೆ ಬರೀ ಲಿಂಕ್ ಇಟ್ಟರೆ ಜಾಂಗೊ 5.0ರಿಂದ 405 (ಈ ಬಗೆಯ ಕೋರಿಕೆಗೆ ಅವಕಾಶವಿಲ್ಲ ಎಂಬ ದೋಷ) ಬರುತ್ತದೆ. ಪೋಸ್ಟ್ ಮಾಡುವ ಪುಟ್ಟ ಫಾರ್ಮ್ ಬೇಕು.

ಈಗಾಗಲೇ ಬರೆದ ಎಪಿಐ ದಂಡವಲ್ಲ. ಆದರೆ ವ್ಯೂ (ಪುಟ ಕಟ್ಟಿ ಕಳಿಸುವ ಜಾಂಗೊ ಕೋಡ್) ಒಳಗಿನಿಂದ ನಿಮ್ಮದೇ ಎಪಿಐಗೆ ಎಚ್‌ಟಿಟಿಪಿ ಕರೆ ಮಾಡಬೇಡಿ. ಜಾಂಗೊ ಓಡಿಸುವ ಸರ್ವರ್ ಗುನಿಕಾರ್ನ್ ಡಿಫಾಲ್ಟ್ ಆಗಿ ಒಂದೇ ವರ್ಕರ್ (ಕೋರಿಕೆಗಳಿಗೆ ಉತ್ತರಿಸುವ ಪ್ರೋಸೆಸ್) ಓಡಿಸುತ್ತದೆ. ಅದು ತನ್ನ ಉತ್ತರಕ್ಕೆ ತಾನೇ ಕಾಯುತ್ತಾ ಕೂತು 30 ಸೆಕೆಂಡಿಗೆ ಸಾಯುತ್ತದೆ. ಲಾಜಿಕ್ ಅನ್ನು ಸಾದಾ ಫಂಕ್ಷನ್‌ಗಳಿಗೆ ಎತ್ತಿ ಎರಡೂ ಕಡೆಯಿಂದ ಕರೆಯಿರಿ.

ಇಷ್ಟಾಗಿ ಒಂದು ವಾರ ಬಳಸಿದ ಮೇಲೆ, ಎಲ್ಲಿ ಇಡೀ ಪುಟ ಲೋಡ್ ಆಗುವುದು ಕಿರಿಕಿರಿ ಅನ್ನಿಸುತ್ತದೋ ಅಲ್ಲಿ ಮಾತ್ರ ಪುಟದ ಒಂದು ಭಾಗವನ್ನಷ್ಟೇ ಬದಲಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಲೈಬ್ರರಿ ಎಚ್‌ಟಿಎಮ್‌ಎಕ್ಸ್ (2ನೇ ಆವೃತ್ತಿ) ಹಾಕಿ. ಫಾರ್ಮ್‌ಗೆ ಎಚ್‌ಎಕ್ಸ್-ಪೋಸ್ಟ್, ಎಚ್‌ಎಕ್ಸ್-ಟಾರ್ಗೆಟ್ ಕೊಟ್ಟರೆ ಸರ್ವರ್ ಕಳಿಸಿದ ಎಚ್‌ಟಿಎಮ್‌ಎಲ್ ತುಣುಕು ಆ ಜಾಗಕ್ಕೆ ಬಂದು ಕೂರುತ್ತದೆ. ಬ್ಯಾಕ್-ಎಂಡ್‌ನವರು ಎಡವುವುದು ಇಲ್ಲಿ.

ಎಪಿಐ ಬರೆದು ಪಳಗಿದ ಕೈ ತಪ್ಪು ಫಾರ್ಮ್‌ಗೆ 422 (ತುಂಬಿದ್ದು ಸರಿಯಿಲ್ಲ ಎಂಬ ಸಂಖ್ಯೆ) ಕೊಡುತ್ತದೆ. ಎಚ್‌ಟಿಎಮ್‌ಎಕ್ಸ್ 2 ಇಂಥ 4xx, 5xx ದೋಷದ ಉತ್ತರಗಳನ್ನು ಡಿಫಾಲ್ಟ್ ಆಗಿ ಪುಟಕ್ಕೆ ಹಾಕುವುದೇ ಇಲ್ಲ, ಬಟನ್ ಸತ್ತಂತೆ ಕಾಣುತ್ತದೆ. ದೋಷಗಳಿರುವ ಫಾರ್ಮನ್ನೇ 200 (ಎಲ್ಲ ಸರಿ) ಜೊತೆ ವಾಪಸ್ ಕಳಿಸಿ. ನಿಯಮ ಮುರಿದಂತೆ ಅನ್ನಿಸುತ್ತದೆ, ಅನ್ನಿಸಲಿ. ಸಿಎಸ್‌ಆರ್‌ಎಫ್ ಟೋಕನ್ (ಕೋರಿಕೆ ನಿಮ್ಮದೇ ಪುಟದ್ದು ಎಂದು ತೋರಿಸುವ ಗುಟ್ಟಿನ ಗುರುತು) ಅನ್ನು ಬಾಡಿ ಟ್ಯಾಗ್‌ನ ಎಚ್‌ಎಕ್ಸ್-ಹೆಡರ್ಸ್‌ನಲ್ಲಿ ಒಮ್ಮೆ ಇಟ್ಟರೆ ಡಿಲೀಟ್ ಬಟನ್‌ಗಳ 403 (ನಿರಾಕರಣೆ) ನಿಲ್ಲುತ್ತದೆ. ಸೆಶನ್ ಮುಗಿದಾಗ ಇನ್ನೂ ತಮಾಷೆ: 302 (ಬೇರೆ ಪುಟಕ್ಕೆ ಹೋಗು ಎಂಬ ಉತ್ತರ) ಅನ್ನು ಬ್ರೌಸರ್ ಸದ್ದಿಲ್ಲದೆ ಹಿಂಬಾಲಿಸಿ, ಪಟ್ಟಿ ಇರಬೇಕಾದ ಜಾಗದಲ್ಲಿ ಇಡೀ ಲಾಗಿನ್ ಪುಟ ತಂದು ತುರುಕುತ್ತದೆ. ಎಚ್‌ಎಕ್ಸ್-ರಿಕ್ವೆಸ್ಟ್ ಹೆಡರ್ (ಎಚ್‌ಟಿಎಮ್‌ಎಕ್ಸ್ ತನ್ನ ಕೋರಿಕೆಗೆ ಅಂಟಿಸುವ ಗುರುತು) ಇದ್ದರೆ 302 ಬದಲು 200 ಮತ್ತು ಎಚ್‌ಎಕ್ಸ್-ರೀಡೈರೆಕ್ಟ್ ಹೆಡರ್ ಕಳಿಸುವ ಮಿಡ್ಲ್‌ವೇರ್ (ಪ್ರತಿ ಕೋರಿಕೆ, ಉತ್ತರದ ನಡುವೆ ಓಡುವ ಕೋಡ್) ಹತ್ತು ಸಾಲಿನ ಕೆಲಸ. ಒಂದೇ ಯುಆರ್‌ಎಲ್‌ನಿಂದ ಪೂರ್ತಿ ಪುಟವನ್ನೂ ತುಣುಕನ್ನೂ ಕೊಡುವುದಾದರೆ ‘ವೇರಿ’ ಹೆಡರ್‌ನಲ್ಲಿ (ಎರಡನ್ನೂ ಬೇರೆಬೇರೆ ಉಳಿಸಿಕೋ ಎಂದು ಕ್ಯಾಶ್‌ಗೆ ಹೇಳುವುದು) ಎಚ್‌ಎಕ್ಸ್-ರಿಕ್ವೆಸ್ಟ್ ಹಾಕಿ, ಇಲ್ಲವಾದರೆ ಬ್ಯಾಕ್ ಒತ್ತಿದಾಗ ಬೋಳು ತುಣುಕು ಎದುರಾಗಬಹುದು.

ಹೊಸ ಸಾಲೊಂದನ್ನೇ ಕಳಿಸಿದರೆ ತಿಂಗಳ ಮೊತ್ತ ಹಳೆಯದೇ ಉಳಿಯುತ್ತದೆ. ಔಟ್-ಆಫ್-ಬ್ಯಾಂಡ್ ಸ್ವಾಪ್ (ಅದೇ ಉತ್ತರದಿಂದ ಪುಟದ ಇನ್ನೊಂದು ಜಾಗವನ್ನೂ ಬದಲಿಸುವುದು) ಇದೆ, ಆದರೆ ಟೇಬಲ್ ಸಾಲುಗಳ ಜೊತೆ ಅದು ರಗಳೆ. ಪಟ್ಟಿ, ಮೊತ್ತ ಸೇರಿದ ಇಡೀ ಸೆಕ್ಷನ್ ವಾಪಸ್ ಕಳಿಸಿ; ಐವತ್ತು ಸಾಲಿಗೆ ಏನೂ ಭಾರವಾಗುವುದಿಲ್ಲ.

ನೆಟ್‌ವರ್ಕ್ ಇಲ್ಲದಾಗಲೂ ಖರ್ಚು ಬರೆಯಬೇಕು ಅಂತ ಮನೆಯವರು ಕೇಳಿದರೆ ಆಗ ರಿಯಾಕ್ಟ್ ತರಹದ್ದನ್ನು ಯೋಚಿಸಿ. ಬಜೆಟ್ ತೋರಿಸಲು ಚಾರ್ಟ್ ಲೈಬ್ರರಿ ಹುಡುಕುವ ಮುನ್ನ ಎಚ್‌ಟಿಎಮ್‌ಎಲ್‌ನ ‘ಮೀಟರ್’ ಟ್ಯಾಗ್ ನೋಡಿ: ‘ಹೈ’ ಮಿತಿ ದಾಟಿದರೆ ಬಣ್ಣ ತಾನೇ ಬದಲಾಗುತ್ತದೆ. ಆದರೆ ‘ಮ್ಯಾಕ್ಸ್’ ದಾಟಿದ ಮೇಲೆ ಮೀಟರ್ ತುಂಬಿ ಅಲ್ಲೇ ನಿಲ್ಲುತ್ತದೆ, ಸಾವಿರ ಮೀರಿದರೂ ಹತ್ತು ಸಾವಿರ ಮೀರಿದರೂ ಒಂದೇ ಥರ ಕಾಣುತ್ತದೆ, ಹಾಗಾಗಿ ಪಕ್ಕದಲ್ಲಿ ಅಂಕಿ ಬರೆಯಿರಿ.