ಬ್ಲ್ಯಾಕ್ ಮೆಟಲ್, ಡ್ರೋನ್ ಕೇಳುವವರು ಕತ್ತಲೆ ಕವಿದ ಆರ್ಕೆಸ್ಟ್ರಾ ಸಂಗೀತಕ್ಕೆ ಎಲ್ಲಿಂದ ಇಳಿಯಬೇಕು?

ಪ್ರಶ್ನೆ: ನಾನಿರೋದು ತೀರ್ಥಹಳ್ಳಿ ಹತ್ತಿರ. ಬ್ಲ್ಯಾಕ್ ಮೆಟಲ್ (ಗಿಟಾರ್ ಅಬ್ಬರದ ಕತ್ತಲೆ ರಾಕ್), ಡ್ರೋನ್ (ಒಂದೇ ಸ್ವರ ಉದ್ದಕ್ಕೆ ಎಳೆಯುವ ಸಂಗೀತ), ಡಾರ್ಕ್ ಆಂಬಿಯೆಂಟ್ (ತಾಳವಿಲ್ಲದ ಮಂಕು ಸದ್ದಿನ ಸಂಗೀತ) ಬಿಟ್ಟು ಬೇರೆ ಕೇಳಿದವನಲ್ಲ. ಈಗಿನ ಕಾಲದ ಆರ್ಕೆಸ್ಟ್ರಾ ಸಂಗೀತದಲ್ಲೂ ಅದೇ ಥರದ ಕತ್ತಲೆ ಇದೆ ಅಂತಾರೆ. ಹುಡುಕಿದ್ರೆ ಬರೀ ಸಿನಿಮಾ ಟ್ರೇಲರ್ ಥರದ್ದು ಬರುತ್ತೆ. ಹೇಗೋ ಒಂದು ಸಿಕ್ತು, ಐದು ನಿಮಿಷ ಏನೂ ಕೇಳಿಸಲಿಲ್ಲ, ಆಮೇಲೆ ಕಿವಿ ಹರಿದುಹೋಯ್ತು. ಎಲ್ಲಿಂದ ಶುರು ಮಾಡಲಿ?

ಉತ್ತರ:

ನಿಮ್ಮ ಕೊನೆಯ ದೂರನ್ನೇ ಮೊದಲು ತಗೋತೀನಿ. ಅದು ಸರಿಹೋಗದೆ ಯಾವ ಹೆಸರು ಹೇಳಿದರೂ ದಂಡ.

ಮೆಟಲ್ ಆಲ್ಬಮ್‌ಗಳನ್ನು ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡುವಾಗ, ಹಿಂಡಿ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಹಾಡು ಶುರುವಾದ ಹತ್ತು ಸೆಕೆಂಡಿಗೆ ವಾಲ್ಯೂಮ್ ಇಟ್ಟರೆ ಕೊನೆತನಕ ಮುಟ್ಟಬೇಕಾಗಿಲ್ಲ. ಆರ್ಕೆಸ್ಟ್ರಾ ರೆಕಾರ್ಡಿಂಗ್‌ನಲ್ಲಿ ಅತಿ ಮೆಲ್ಲನೆಯ ಜಾಗಕ್ಕೂ ಅತಿ ಜೋರಿನ ಜಾಗಕ್ಕೂ 40 ಡೆಸಿಬೆಲ್ ಅಂತರ ಇರೋದು ಮಾಮೂಲು. ಶುರುವಿನಲ್ಲಿ ಏನೂ ಕೇಳಿಸುತ್ತಿಲ್ಲ ಅಂತ ನೀವು ವಾಲ್ಯೂಮ್ ಏರಿಸಿದಿರಿ, ಆಮೇಲೆ ಹಿತ್ತಾಳೆ ವಾದ್ಯಗಳು ಒಟ್ಟಿಗೆ ಬಂದು ಬಿದ್ದವು. ಆಗಿದ್ದು ಅಷ್ಟೇ.

ಹಾಗಾಗಿ ವಾಲ್ಯೂಮನ್ನು ಯಾವಾಗಲೂ ಜೋರಿನ ಜಾಗ ನೋಡಿ ಇಡಬೇಕು. ಇದಕ್ಕೆ ಹೇಳಿ ಮಾಡಿಸಿದ ಕೃತಿ ಪೋಲೆಂಡಿನ ಕ್ಶಿಶ್ಟೋಫ್ ಪೆಂಡೆರೆಟ್ಸ್ಕಿಯ 'ಥ್ರೆನಡಿ ಟು ದ ವಿಕ್ಟಿಮ್ಸ್ ಆಫ್ ಹಿರೋಷಿಮಾ'. ಅದು ಕಿರುಚಾಟದಿಂದಲೇ ಶುರುವಾಗುತ್ತೆ. ಮೊದಲ ಹದಿನೈದು ಸೆಕೆಂಡು ಕಿವಿಗೆ 'ಜೋರು, ಆದರೆ ತಡೆಯಬಹುದು' ಅನ್ನಿಸುವಲ್ಲಿ ವಾಲ್ಯೂಮ್ ನಿಲ್ಲಿಸಿ, ಮುಂದೆ ಕೈ ಹಾಕಬೇಡಿ. ರೆಕಾರ್ಡಿಂಗ್‌ನಿಂದ ರೆಕಾರ್ಡಿಂಗ್‌ಗೆ ಸ್ವಲ್ಪ ಆಚೀಚೆ ಇದ್ದರೂ ಬೇರೆ ಕೃತಿಗಳಿಗೂ ಸುಮಾರಾಗಿ ಅದೇ ಮಟ್ಟ ನಡೆಯುತ್ತೆ.

ಜೊತೆಗೆ ಫೋನಿನಲ್ಲಿ ಕೆಲವು ಸೆಟ್ಟಿಂಗ್ ಬದಲಿಸಬೇಕು. ಆ್ಯಪ್‌ನ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲ ಹಾಡನ್ನೂ ಒಂದೇ ಜೋರಿಗೆ ತರುವುದು) ಆಫ್, ಕ್ರಾಸ್‌ಫೇಡ್ (ಒಂದು ಹಾಡಿನ ಬಾಲಕ್ಕೆ ಇನ್ನೊಂದನ್ನು ಬೆರೆಸುವುದು) ಆಫ್, ಷಫಲ್ ಆಫ್, ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದೆ ಓಡಿಸುವುದು) ಮಾತ್ರ ಆನ್. ಒಂದೇ ಕೃತಿಯನ್ನು ನಾಲ್ಕೈದು ಟ್ರ್ಯಾಕ್ ಮಾಡಿ ಹಾಕಿರುತ್ತಾರೆ, ನಡುವೆ ಅರ್ಧ ಸೆಕೆಂಡ್ ಮೌನ ತೂರಿಕೊಂಡರೂ ಕಟ್ಟಿದ್ದೆಲ್ಲ ಕಳಚಿಬೀಳುತ್ತೆ. ಮೆಟಲ್‌ಗೆ ಅಂತ ಬೇಸ್, ಟ್ರೆಬಲ್ ಎರಡನ್ನೂ ಎತ್ತಿಟ್ಟ ಈಕ್ವಲೈಸರ್ ಇದ್ದರೆ ಅದನ್ನೂ ಸೊನ್ನೆಗೆ ತನ್ನಿ. ಎಂಟು ಡಬಲ್ ಬೇಸ್‌ಗಳು (ಪಿಟೀಲಿನ ಜಾತಿಯ, ಆಳೆತ್ತರದ, ತೀರಾ ತಗ್ಗು ದನಿಯ ವಾದ್ಯ) ಪಕ್ಕಪಕ್ಕದ ಸ್ವರ ಹಿಡಿದಾಗ ಬೇಸ್ ಬೂಸ್ಟ್ ಇದ್ದರೆ ಕೆಸರು ಕಲಸಿದ ಹಾಗೆ ಆಗುತ್ತೆ, ಒಳಗಿನ ಉಜ್ಜಾಟ ಕೇಳೋದೇ ಇಲ್ಲ. ಹೋಮ್ ಥಿಯೇಟರ್ ಇದ್ದವರು ನೈಟ್ ಮೋಡ್, ಸರೌಂಡ್ ಎಫೆಕ್ಟ್ ಆಫ್ ಮಾಡಿ ಬರೀ ಸ್ಟೀರಿಯೋದಲ್ಲಿ ಹಾಕಿ. ಸಬ್ ವೂಫರನ್ನು ಗೋಡೆಮೂಲೆಯಿಂದ ಎರಡಡಿ ಈಚೆ ಎಳೆಯಿರಿ.

ಫೋನಿನ ಸ್ಪೀಕರ್ ಅಂತೂ ಬೇಡವೇ ಬೇಡ. ಡಬಲ್ ಬೇಸಿನ ತೀರಾ ಕೆಳಗಿನ ತಂತಿ ನುಡಿಯುವುದು 41 ಹರ್ಟ್ಜ್‌ನಲ್ಲಿ, ಅಷ್ಟು ಕೆಳಗೆ ಹೋಗುವ ಶಕ್ತಿ ಆ ಪುಟ್ಟ ಸ್ಪೀಕರಿಗಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಸಾಧಾರಣ ಬೆಲೆಯ, ರಬ್ಬರ್ ತುದಿಯ ವೈರ್ ಇಯರ್‌ಫೋನ್ ಸಾಕು. ಆದರೆ ತುದಿ ಕಿವಿಗೆ ಸರಿಯಾಗಿ ಕೂರಬೇಕು. ಸಣ್ಣ ಸಂದಿ ಉಳಿದರೂ ಬೇಸ್ ಅಷ್ಟೂ ಸೋರಿಹೋಗುತ್ತೆ. ಡಬ್ಬಿಯಲ್ಲಿ ಮೂರು ಅಳತೆಯ ತುದಿ ಕೊಟ್ಟಿರುತ್ತಾರಲ್ಲ, ಮೂರನ್ನೂ ಹಾಕಿ ನೋಡಿ.

ಮಲೆನಾಡಿನ ತೊಂದರೆಗಳು ಬೇರೆಯೇ ಇವೆ. ಜೂನ್‌ನಿಂದ ಸೆಪ್ಟೆಂಬರ್‌ತನಕ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು ಮೆಲುದನಿಯ ಭಾಗಗಳನ್ನೆಲ್ಲ ನುಂಗುತ್ತೆ. ಆ ಹೊತ್ತಿನಲ್ಲಿ ಗಟ್ಟಿ ಕೃತಿಗಳನ್ನು ಮಾತ್ರ ಕೇಳಿ, ಮೆಲ್ಲನೆಯವನ್ನು ಹೊಳವಾದ ರಾತ್ರಿಗೆ ಇಟ್ಟುಕೊಳ್ಳಿ. ಮಳೆ ನಿಂತಮೇಲೆ ಪಕ್ಕದ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಷಿನ್ ಶುರುವಾಗುತ್ತೆ, ಅದಕ್ಕೂ ಇದೇ ಮದ್ದು. ಇನ್ನೊಂದು, ಯುಪಿಎಸ್‌ನ ಗುಂಯ್‌ ಸದ್ದು. ನಮ್ಮ ಕರೆಂಟು 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಗುಂಯ್ಗುಡುವುದು ಅದರ ಎರಡರಷ್ಟು, ಅಂದರೆ 100ರಲ್ಲಿ. ಪಾಶ್ಚಾತ್ಯರ ಜಿ ಸ್ವರ 98ರಲ್ಲಿದೆ. ಕೃತಿ ಆ ಸ್ವರದ ಹತ್ತಿರ ಬಂದಾಗ ಎರಡೂ ತಿಕ್ಕಾಡಿ, ಬರೆದವರು ಕೇಳದ ಒಂದು ಅಲುಗಾಟ ಸೇರಿಕೊಳ್ಳುತ್ತೆ. ಡ್ರೋನ್ ಕೇಳುವ ನಿಮಗೆ ಅದೂ ಹಿಡಿಸೀತು, ಆದರೆ ಅದು ಕೃತಿಯಲ್ಲಿ ಇಲ್ಲ. ಲ್ಯಾಪ್‌ಟಾಪಿಗೆ ವೈರ್ ಇಯರ್‌ಫೋನ್ ಹಾಕಿದಾಗ ಗುಂಯ್ ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೆ.

ನೆಟ್‌ವರ್ಕ್ ನಂಬಬೇಡಿ. ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ. 320 ಕೆಬಿಪಿಎಸ್ ಎಂಪಿ3 ಗಂಟೆಗೆ 144 ಎಂಬಿ. ಸದ್ದಿನ ಗುಣ ಕಳೆಯದ ಫ್ಲ್ಯಾಕ್ ಫೈಲ್ ಆದರೆ ಅದರ ಎರಡರಷ್ಟು ಅಂತ ಲೆಕ್ಕ ಇಟ್ಟುಕೊಳ್ಳಿ.

ಈಗ ಹುಡುಕುವ ವಿಷಯ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ರಸಮಂಜರಿ. ಆ್ಯಪ್‌ಗಳಿಗೆ ಆರ್ಕೆಸ್ಟ್ರಾ ಅಂದರೆ ಕತ್ತಿ ಹಿರಿದು ನಿಂತ ವೀರನ ಹಿಂದೆ ಬಡಿಯುವ ಡೋಲು. 'ಡಾರ್ಕ್ ಆರ್ಕೆಸ್ಟ್ರಲ್' ಅಂತ ಟೈಪ್ ಮಾಡಿದರೆ ಹೆಚ್ಚಾಗಿ ಸಿಗುವುದು ಕಂಪ್ಯೂಟರಿನ ಸ್ಯಾಂಪಲ್‌ಗಳಲ್ಲಿ ಜೋಡಿಸಿದ ಟ್ರೇಲರ್ ಸರಕು. ನೀವು ಹುಡುಕುತ್ತಿರುವ ಸಂಗೀತ ಆ ಹೆಸರಲ್ಲಿ ಇಲ್ಲವೇ ಇಲ್ಲ. ಸಿಂಫೊನಿಕ್ ಮೆಟಲ್ ಕೂಡ ಅದಲ್ಲ. ಅಲ್ಲಿ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಮುಂದೆ ಇರುತ್ತೆ, ಪಿಟೀಲುಗಳು ಹಿಂದಿನ ಪರದೆ. ಬೀಥೋವನ್‌ನಿಂದ ಕ್ರಮವಾಗಿ ಕಲಿತು ಬನ್ನಿ ಅನ್ನುವವರ ಮಾತನ್ನೂ ಸದ್ಯಕ್ಕೆ ಕೇಳಬೇಡಿ. ರಾಗ, ತಾಳ ಹಿಡಿದು ಕೇಳುವ ಕಿವಿಗೆ ಆ ದಾರಿ ಸರಿ. ನಿಮ್ಮ ಕಿವಿ ಪಳಗಿರುವುದು ಸದ್ದಿನ ನೆಯ್ಗೆಗೆ, ಇಲ್ಲಿ ಬೇಕಾಗಿರುವುದೂ ಅದೇ.

ಜೀರುಂಡೆಯನ್ನೇ ತಗೊಳ್ಳಿ. ಸಂಜೆ ಕಾಡಂಚಿನಲ್ಲಿ ನಿಂತರೆ ಒಂದೊಂದು ಜೀರುಂಡೆಯೂ ತನ್ನ ಪಾಡಿಗೆ ಕೂಗುತ್ತಿರುತ್ತೆ, ನಮಗೆ ಕೇಳುವುದು ಒಂದೇ ಹಾಸು. ಹಂಗೇರಿಯನ್ ರಚನಕಾರ ಜ್ಯೋರ್ಜ್ ಲಿಗೆಟಿ 1961ರಲ್ಲಿ ಬರೆದ 'ಅಟ್ಮಾಸ್ಫಿಯರ್ಸ್' ಹೀಗೇ ಕೆಲಸ ಮಾಡುತ್ತೆ. ತಂತಿವಾದ್ಯಗಳೇ 56, ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು, ಕಿವಿಗೆ ಯಾವ ಸಾಲೂ ಬಿಡಿಯಾಗಿ ಸಿಗುವುದಿಲ್ಲ. ಬ್ಲ್ಯಾಕ್ ಮೆಟಲ್‌ನ ಟ್ರೆಮೊಲೊ (ಒಂದೇ ಸ್ವರವನ್ನು ಬಿರುಸಾಗಿ ಮೀಟುವ) ಗಿಟಾರಿನ ಗೋಡೆಯಲ್ಲಿ ನೀವು ಕೇಳಿದ್ದೂ ಇದರ ತಮ್ಮನನ್ನೇ. ಎಂಟೊಂಬತ್ತು ನಿಮಿಷದ ಕೃತಿ. ಅರ್ಧದ ಹತ್ತಿರ ಬಂದಾಗ ಕೊಳಲುಗಳು ಪಿಕೊಲೊ ಎಂಬ ಪುಟ್ಟ, ಕೀಚು ದನಿಯ ಕೊಳಲಿಗೆ ಬದಲಾಗಿ ಮೇಲೆ ಮೇಲೆ ಏರುತ್ತಾ ಹೋಗುತ್ತವೆ, ಹಲ್ಲು ಜುಂ ಅನ್ನುವಷ್ಟು. ಇನ್ನು ಮೇಲೆ ಜಾಗ ಇಲ್ಲ ಅನ್ನುವಾಗ ಅದು ಕತ್ತರಿಸಿದ ಹಾಗೆ ನಿಂತು, ಅದೇ ಗಳಿಗೆಗೆ ಎಂಟು ಡಬಲ್ ಬೇಸ್‌ಗಳು ಪಾತಾಳದಲ್ಲಿ ಶುರು ಮಾಡುತ್ತವೆ. ನಡುವೆ ಮೆಟ್ಟಿಲೇ ಇಲ್ಲ. ಫೋನ್ ಸ್ಪೀಕರಿನಲ್ಲಿ ಕೇಳಿದವರು 'ಅಲ್ಲಿ ಹಾಡು ನಿಂತುಹೋಗುತ್ತೆ' ಅಂತಾರೆ. ಕೊನೆಗೆ ಪಿಯಾನೊದ ಒಳಗಿನ ತಂತಿಗಳನ್ನು ಬ್ರಷ್‌ನಿಂದ ಸವರುವ ಸದ್ದು ಇದೆ, ಅದು ಕೇಳಿಸಿದರೆ ನಿಮ್ಮ ವಾಲ್ಯೂಮು, ಇಯರ್‌ಫೋನು, ಕೋಣೆ ಮೂರೂ ಸರಿ ಇವೆ ಅಂತ ಅರ್ಥ.

ಜೀರುಂಡೆಯ ಹೋಲಿಕೆ ನನ್ನ ಸ್ವಂತದ್ದಲ್ಲ ಬಿಡಿ. ಗ್ರೀಕ್ ಮೂಲದ ಯಾನಿಸ್ ಜೆನಾಕಿಸ್ ತನ್ನ ಸಂಗೀತವನ್ನು ವಿವರಿಸುವಾಗ ಎತ್ತಿಕೊಂಡ ಉದಾಹರಣೆಗಳೇ ಗಟ್ಟಿನೆಲದ ಮೇಲೆ ಬೀಳುವ ಮಳೆ ಮತ್ತು ಜೀರುಂಡೆಗಳ ಕೂಗು. ಒಂದೊಂದು ಹನಿಗೆ ಲೆಕ್ಕ ಇಲ್ಲ, ಒಟ್ಟು ರಾಶಿಗೆ ನಿಯಮ ಇದೆ ಅನ್ನುವುದು ಅವನ ವಾದ. 109 ಜನ ನುಡಿಸುವ 'ಜೋನ್ಷೇ' (1977) ಕೇಳಿ. ಈ ಬರಹದಲ್ಲಿ ಹೆಸರಿಸಿದ ಎಲ್ಲದರಲ್ಲೂ ದೈಹಿಕವಾಗಿ ಹೆಚ್ಚು ಒದೆಯುವುದು ಇದೇ. ಮಳೆಗಾಲಕ್ಕೆ ಲಾಯಕ್ಕು, ತಗಡಿನ ಮಾಡು ಏನೂ ಮಾಡಲಾರದು.

'ಥ್ರೆನಡಿ'ಯನ್ನು ವಾಲ್ಯೂಮ್ ಇಡಲು ಮಾತ್ರ ಬಳಸಿ ಬಿಡಬೇಡಿ. 52 ತಂತಿವಾದ್ಯ: 24 ಪಿಟೀಲು, 10 ವಿಯೋಲ, 10 ಚೆಲ್ಲೊ, 8 ಡಬಲ್ ಬೇಸ್. ವಿದ್ಯುತ್ ಇಲ್ಲ, ಎಫೆಕ್ಟ್ ಇಲ್ಲ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ (ಬ್ರಿಡ್ಜ್) ಆಚೆ ಬದಿಯ ತಂತಿ ಉಜ್ಜುವುದು, ವಾದ್ಯದ ಮೈ ಬಡಿಯುವುದು, ಇಷ್ಟರಲ್ಲೇ ಆ ಸದ್ದೆಲ್ಲ. ಮೊದಲು ಅದರ ಹೆಸರು ಬರೀ 8 ನಿಮಿಷ 37 ಸೆಕೆಂಡ್ ಅಂತಿತ್ತು, ಹಿರೋಷಿಮಾ ಹೆಸರು ಆಮೇಲೆ ಬಂತು. ಕೊನೆಯಲ್ಲಿ 52 ವಾದ್ಯಗಳೂ ಕಾಲುಸ್ವರದ ಅಂತರದಲ್ಲಿ ಎರಡು ಸ್ಥಾಯಿ ತುಂಬಿ ನಿಂತು, 30 ಸೆಕೆಂಡಿನಲ್ಲಿ ಅತಿ ಜೋರಿನಿಂದ ಶೂನ್ಯಕ್ಕೆ ಇಳಿಯುತ್ತವೆ. 1980ರ 'ದ ಶೈನಿಂಗ್' ಸಿನಿಮಾ ನೋಡಿದ್ದರೆ ಪೆಂಡೆರೆಟ್ಸ್ಕಿಯ ಬೇರೆ ಕೃತಿಗಳು ನಿಮ್ಮ ಕಿವಿಗೆ ಆಗಲೇ ಬಿದ್ದಿವೆ.

ಡ್ರೋನ್ ಕಡೆಯಿಂದ ಬರುವುದಾದರೆ ಇಟಲಿಯ ಜಾಚಿಂತೊ ಶೆಲ್ಸಿ. 1959ರ 'ಕ್ವಾತ್ರೊ ಪೆತ್ಸಿ' ನಾಲ್ಕು ತುಂಡುಗಳು, ಒಂದೊಂದು ತುಂಡಿಗೂ ಒಂದೇ ಸ್ವರ, 26 ಜನ. ತಂಬೂರಿಯ ಕುದುರೆಯ ಮೇಲೆ ಜೀವಾಳದ ನೂಲು ಸ್ವಲ್ಪ ಸರಿಸಿದರೆ ಅದೇ ಷಡ್ಜ ಒಳಗಿನಿಂದ ಅರಳುತ್ತಲ್ಲ, ಆ ಅರಳುವುದನ್ನೇ ಇಲ್ಲಿ ಆರ್ಕೆಸ್ಟ್ರಾ ಮಾಡುತ್ತೆ. ಫ್ರಾನ್ಸಿನ ಜೆರಾರ್ ಗ್ರಿಸೇ ಇದನ್ನು ವಿಜ್ಞಾನಕ್ಕೆ ತಂದ: ಟ್ರಾಂಬೋನಿನ ಒಂದು ತಗ್ಗು ಸ್ವರವನ್ನು ಅಳೆದು, ಅದರೊಳಗಿನ ಉಪಸ್ವರಗಳನ್ನು ವಾದ್ಯಗಳಿಗೆ ಹಂಚಿ 1975ರಲ್ಲಿ 'ಪಾರ್ಸಿಯೆಲ್' ಬರೆದ. ಸೇತುವೆ ಬೇಕಿದ್ದರೆ, ಹೆಸರಿನ ಬಾಲಕ್ಕೆ ಮೂರು ಕಂಸ ಅಂಟಿಸಿಕೊಂಡ ಸನ್ ತಂಡದ 2009ರ 'ಮಾನೊಲಿತ್ಸ್ ಅಂಡ್ ಡೈಮೆನ್ಷನ್ಸ್' ಇದ್ದೇ ಇದೆ. ಅದರಲ್ಲಿ ಹಿತ್ತಾಳೆ, ತಂತಿವಾದ್ಯ, ಕೋರಸ್ ಎಲ್ಲ ಇವೆ. ಅದು ಒಗ್ಗಿದವರಿಗೆ ಶೆಲ್ಸಿ ಕಷ್ಟವಲ್ಲ.

ಆಸ್ಟ್ರಿಯಾದ ಗೆಯೋರ್ಗ್ ಫ್ರೀಡ್ರಿಶ್ ಹಾಸ್ 2000ದಲ್ಲಿ ಬರೆದ 'ಇನ್ ವೇಯ್ನ್' 24 ವಾದಕರದು, ಒಂದು ಗಂಟೆ ದಾಟುತ್ತೆ. ಅದರ ಕೆಲವು ಭಾಗಗಳನ್ನು ಸಭಾಂಗಣದ ದೀಪ ಪೂರ್ತಿ ಆರಿಸಿ ನುಡಿಸಬೇಕು, ವಾದಕರಿಗೂ ಬರಹ ಕಾಣಬಾರದು, ನೆನಪಿನಿಂದಲೇ ನುಡಿಸಬೇಕು. ನಮ್ಮ ಕಡೆ ಇದಕ್ಕೆ ವಿಶೇಷ ಏರ್ಪಾಡು ಬೇಡ. ಫೋನಿಗೆ ಇಳಿಸಿಟ್ಟುಕೊಂಡಿದ್ದರೆ ಕರೆಂಟ್ ತಾನಾಗೇ ಹೋಗುತ್ತೆ.

ಡಾರ್ಕ್ ಆಂಬಿಯೆಂಟ್ ಇಷ್ಟವಾದರೆ ಐಸ್‌ಲ್ಯಾಂಡಿನ ಅನ್ನಾ ಥೋರ್ವಾಲ್ಡ್ಸ್‌ದೋತಿರ್. 'ಮೆಟಾಕಾಸ್ಮಾಸ್' 2018ರಲ್ಲಿ ನ್ಯೂಯಾರ್ಕ್‌ನಲ್ಲಿ, 'ಕ್ಯಾಟಮಾರ್ಫಸಿಸ್' 2021ರಲ್ಲಿ ಬರ್ಲಿನ್‌ನಲ್ಲಿ ಮೊದಲು ನುಡಿದವು. ಉದ್ದ ಸ್ವರ ಕಂಡರೆ ಅದನ್ನು ಕೈಯಲ್ಲಿ ಹಿಡಿದ ನಾಜೂಕು ಹೂವು ಅಂದುಕೊಂಡು, ಬೀಳಿಸದೆ ತೆಳು ಹಗ್ಗದ ಮೇಲೆ ನಡೆಯಿರಿ ಅಂತ ವಾದಕರಿಗೆ ಬರೆದುಕೊಡುತ್ತಾರೆ ಈಕೆ. ನನ್ನ ಲೆಕ್ಕದಲ್ಲಿ ಇವತ್ತು ಬದುಕಿ ಬರೆಯುತ್ತಿರುವವರಲ್ಲಿ ನಿಮಗೆ ಮೊದಲು ಸಿಗಬೇಕಾದವರು ಇವರೇ. 'ಮೆಟಾಕಾಸ್ಮಾಸ್' ಇರುವುದು ಐಸ್‌ಲ್ಯಾಂಡ್ ಸಿಂಫೊನಿ ಆರ್ಕೆಸ್ಟ್ರಾದ 'ಕಾನ್‌ಕರೆನ್ಸ್' (2019) ಆಲ್ಬಮ್ಮಿನಲ್ಲಿ, ಸೋನೊ ಲ್ಯುಮಿನಸ್ ಲೇಬಲ್. ಅದೇ ಆಲ್ಬಮ್ಮಿನ 'ಓಷನ್ಸ್' ಬರೆದವರು ಅಮೀನಾ ತಂಡದ ಮರಿಯಾ ಹುಲ್ಡ್ ಮಾರ್ಕನ್ ಸಿಗ್‌ಫುಸ್‌ದೋತಿರ್, ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡ ಕೇಳಿದವರಿಗೆ ಅಮೀನಾ ಗೊತ್ತು.

ರಷ್ಯಾದ ಗಲೀನಾ ಉಸ್ತ್ವೋಲ್ಸ್ಕಯಾ ಬಗ್ಗೆ ಒಂದೇ ಮಾತು: ಎಂಟು ಡಬಲ್ ಬೇಸ್, ಒಂದು ಪಿಯಾನೊ, ಸುತ್ತಿಗೆಯಲ್ಲಿ ಬಡಿಯುವ ಒಂದು ಮರದ ಪೆಟ್ಟಿಗೆ. 'ಕಾಂಪೊಸಿಷನ್ ನಂಬರ್ 2', 1973ರಲ್ಲಿ ಮುಗಿದದ್ದು. ಇದಕ್ಕಿಂತ ಕ್ರೂರವಾದ ಡೂಮ್ (ನಿಧಾನದ, ಭಾರದ ಮೆಟಲ್) ಬೇರೆ ಇಲ್ಲ.

ಮುಂದೆ ನೀವೇ ಹುಡುಕಿಕೊಳ್ಳುವಾಗ ಡೆಮೊ ಕ್ಯಾಸೆಟ್ ಕಾಲದ ಬುದ್ಧಿಯೇ ಸಾಕು: ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ, ಹಿಡಿದು ಹೋಗಿ. ವಿಯೆನ್ನಾದ ಕೈರೋಸ್, ಜರ್ಮನಿಯ ವೆರ್ಗೊ, ಆಮೇಲೆ ಸೋನೊ ಲ್ಯುಮಿನಸ್. ಆ್ಯಪ್‌ನಲ್ಲಿ ಕಲಾವಿದರ ಜಾಗದಲ್ಲಿ ಎಷ್ಟೋ ಸಲ ಆರ್ಕೆಸ್ಟ್ರಾವನ್ನು ಮುಂದೆ ನಿಂತು ನಡೆಸುವ ಕಂಡಕ್ಟರ್ ಹೆಸರಿರುತ್ತೆ, ಹಾಗಾಗಿ ರಚನಕಾರ, ಕೃತಿ, ಆರ್ಕೆಸ್ಟ್ರಾ ಮೂರನ್ನೂ ಒಟ್ಟಿಗೆ ಟೈಪ್ ಮಾಡಿ. ಒಂದು ರೆಕಾರ್ಡಿಂಗ್ ಹಿಡಿಸದಿದ್ದರೆ ಕೃತಿಯನ್ನೇ ಬಿಡಬೇಡಿ, ಇನ್ನೊಂದು ಆರ್ಕೆಸ್ಟ್ರಾದ್ದು ನೋಡಿ. ಮೂವತ್ತು ಕೃತಿಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಮೂರನ್ನು ಹತ್ತು ಸಲ ಕೇಳುವುದು ಮೇಲು.

ಎದುರಿಗೆ ಕೂತು ಕೇಳುವ ಆಸೆ ಇದ್ದರೆ, ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೆ ಇದು ಬರುತ್ತೆ ಅಂತ ಕಾಯಬೇಡಿ. ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫೊನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಆದರೆ ಅವರು ನುಡಿಸುವುದು ಹೆಚ್ಚಾಗಿ ಹಳೆಯ ಕೃತಿಗಳನ್ನು, ಇದಕ್ಕಾಗಿ ಅಷ್ಟು ದೂರದ ಟಿಕೆಟ್ ಮಾಡಿಸುವ ಅಗತ್ಯ ಇಲ್ಲ. ಫ್ರಾಂಕ್‌ಫರ್ಟ್ ರೇಡಿಯೊ ಸಿಂಫೊನಿಯವರು ಕಛೇರಿಗಳನ್ನು ಪೂರ್ತಿಯಾಗಿ ಯೂಟ್ಯೂಬಿಗೆ ಬಿಟ್ಟಿ ಹಾಕುತ್ತಾರೆ. ಸ್ಕೋರ್ ಫಾಲೋವರ್ ಅನ್ನುವ ಚಾನಲ್‌ನಲ್ಲಿ ಸದ್ದಿನ ಜೊತೆಗೆ ಬರಹವೂ ತೆರೆಯ ಮೇಲೆ ಸಾಗುತ್ತೆ. ನೊಟೇಶನ್ ಓದಲು ಬರದಿದ್ದರೂ ಪರವಾಗಿಲ್ಲ, ಸ್ವರ ದಟ್ಟವಾದ ಕಡೆ ಪುಟವೂ ಕಪ್ಪಾಗುವುದು ಕಾಣುತ್ತೆ. ಟಿವಿಗೆ ಹಾಕಿ ನೋಡುವುದಾದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಆಟೋ ವಾಲ್ಯೂಮ್ ಅಂತ ಒಂದಿರುತ್ತೆ, ಅದನ್ನೂ ಆಫ್ ಮಾಡಿ.